ಹದಿನೈದು ನಿಮಿಷದ ಪಟ್ಟಿ ಪರೀಕ್ಷೆಯನ್ನು ಎಷ್ಟು ನಂಬಬಹುದು?

ಪ್ರಶ್ನೆ: ನಮ್ಮಲ್ಲಿ 11 ಹಸುಗಳಿವೆ. ಒಂದೇ ತಿಂಗಳಲ್ಲಿ ಎರಡು ಹಸುಗಳು ಏಳನೇ ತಿಂಗಳಿಗೆ ಕಂದು ಹಾಕಿದವು. ಎರಡನೆಯದು ಕಂದು ಹಾಕಿದ ಮೂರನೇ ದಿನ ಪರಿಚಯದವರೊಬ್ಬರು ಎಲ್ಲ ಹಸುಗಳ ರಕ್ತ ತೆಗೆದು ಪಟ್ಟಿ ಪರೀಕ್ಷೆ (ಸ್ಟ್ರಿಪ್ ಟೆಸ್ಟ್) ಮಾಡಿದರು. ಮೊದಲು ಕಂದು ಹಾಕಿದ ಹಸುವಿಗೆ ಬ್ರುಸೆಲ್ಲಾ ಪಾಸಿಟಿವ್ ಬಂತು. ಎರಡನೆಯದಕ್ಕೆ ನೆಗೆಟಿವ್. ಯಾವತ್ತೂ ಕಂದು ಹಾಕದ, ಚೆನ್ನಾಗಿ ಹಾಲು ಕೊಡುವ ಇನ್ನೊಂದು ಹಸು ಪಾಸಿಟಿವ್. ಒಂದು ಕಡಸೂ ಪಾಸಿಟಿವ್. ಇದನ್ನು ನಂಬುವುದು ಹೇಗೆ? ಇಂಥ ಪಟ್ಟಿಗಳನ್ನು ನಾವೇ ತಂದಿಟ್ಟುಕೊಂಡು ಕೆಚ್ಚಲು ಬಾವು, ಕ್ಷಯ ಎಲ್ಲಕ್ಕೂ ನೋಡಿಕೊಳ್ಳಬಹುದಾ? ಯಾವ ಆಂಟಿಬಯೋಟಿಕ್ ಕೊಡಬೇಕು ಅನ್ನುವುದೂ ಅದರಲ್ಲೇ ಗೊತ್ತಾಗುತ್ತಾ?

ಉತ್ತರ: ಪಟ್ಟಿಯ ವಿಷಯಕ್ಕೆ ಆಮೇಲೆ ಬರೋಣ. ಬಿದ್ದ ಕಂದನ್ನೂ ಮಾಸನ್ನೂ (ಕೆಲವರು ಸತ್ತೆ ಅನ್ನುತ್ತಾರೆ) ಏನು ಮಾಡಿದಿರಿ? ಬರಿಗೈಯಲ್ಲಿ ಎತ್ತಿ ಹಾಕಿದಿರಾ? ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ, ಅದಕ್ಕೇ ಕೇಳುತ್ತಿದ್ದೇನೆ. ಬ್ರುಸೆಲ್ಲಾ ಅಂದರೆ ಹಸುಗಳು ಕಂದು ಹಾಕುವಂತೆ ಮಾಡುವ ಒಂದು ಬ್ಯಾಕ್ಟೀರಿಯಾ. ಅದು ಇರುವ ಹಸು ಕಂದು ಹಾಕಿದಾಗ ಹೊರಬರುವ ನೀರಿನಲ್ಲಿ, ಮಾಸಿನಲ್ಲಿ ರೋಗಾಣು ಕೋಟಿಗಟ್ಟಲೆ ಇರುತ್ತದೆ. ಕೈಯ ಮೇಲಿನ ಸಣ್ಣ ತರಚು ಗಾಯ ಸಾಕು, ಕಣ್ಣಿಗೆ ಸಿಡಿದ ಒಂದು ಹನಿ ಸಾಕು, ಮನುಷ್ಯರಿಗೆ ಹತ್ತುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಕೀಲುನೋವು, ಹೇಳಲಾಗದ ಸುಸ್ತು. ಹೆಚ್ಚಿನವರಿಗೆ 2ರಿಂದ 4 ವಾರದಲ್ಲಿ ಶುರುವಾಗುತ್ತದೆ, ಕೆಲವರಿಗೆ ತಿಂಗಳುಗಳೇ ಹಿಡಿಯಬಹುದು. ಮನೆಯಲ್ಲಿ ಯಾರಿಗಾದರೂ ಹೀಗೆ ಆದರೆ "ನಮ್ಮ ಹಸು ಕಂದು ಹಾಕಿತ್ತು, ನಾನು ಮುಟ್ಟಿದ್ದೆ" ಅಂತ ಡಾಕ್ಟರಿಗೆ ನೀವಾಗಿಯೇ ಹೇಳಿ. ಅದೊಂದು ಮಾತು ಬಾರದಿದ್ದರೆ ಅವರು ಟೈಫಾಯಿಡ್, ಮಲೇರಿಯಾ ಅಂತ ಹುಡುಕುತ್ತಾ ವಾರಗಟ್ಟಲೆ ಕಳೆದುಬಿಡಬಹುದು. ಕಂದು ಹಾಕಿದ ಎರಡೂ ಹಸುಗಳನ್ನು ಬೇರೆ ಕಟ್ಟಿ. ಹಾಲನ್ನು ಕುದಿಸದೆ ಯಾರೂ ಕುಡಿಯಬೇಡಿ.

ಈಗ ಪಟ್ಟಿಗೆ ಬರೋಣ. ನಿಮ್ಮ ಹಸುಗಳಿಗೆ ಮಾಡಿದ ಪಟ್ಟಿ ರೋಗಾಣುವನ್ನು ಹುಡುಕಲೇ ಇಲ್ಲ. ರೋಗಾಣುವನ್ನು ಕಂಡ ಮೈ ರಕ್ತದಲ್ಲಿ ಪ್ರತಿಕಾಯಗಳನ್ನು (ಆಂಟಿಬಾಡಿ) ತಯಾರಿಸುತ್ತದಲ್ಲ, ಪಟ್ಟಿ ಹುಡುಕಿದ್ದು ಅವನ್ನು. ಪಟ್ಟಿಯ ಒಂದು ತುದಿಗೆ ರಕ್ತದ ಸೀರಂ (ರಕ್ತ ಹೆಪ್ಪುಗಟ್ಟಿದಾಗ ಬೇರೆಯಾಗುವ ತಿಳಿ ನೀರು) ಹಾಕಿದರೆ ಅದು ಕಾಗದದಲ್ಲಿ ಇಂಗುತ್ತಾ ಮುಂದೆ ಹರಿಯುತ್ತದೆ. ದಾರಿಯಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಚಿನ್ನದ ಕಣಗಳು ಅದರ ಜೊತೆ ಸೇರಿಕೊಳ್ಳುತ್ತವೆ. ಮುಂದೆ ಒಂದು ಗೆರೆಯ ಜಾಗದಲ್ಲಿ ಬ್ರುಸೆಲ್ಲಾದ ಹೊರಪದರದ ತುಣುಕುಗಳನ್ನು ಅಂಟಿಸಿರುತ್ತಾರೆ. ಸೀರಂನಲ್ಲಿ ಬ್ರುಸೆಲ್ಲಾದ ಪ್ರತಿಕಾಯ ಇದ್ದರೆ ಅದು ಚಿನ್ನದ ಕಣಗಳ ಸಮೇತ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಕಣಗಳು ರಾಶಿ ಬಿದ್ದಾಗ ಕೆಂಪು ಗೆರೆ ಕಾಣುತ್ತದೆ. ಹೌದು, ಕೆಂಪು. ಚಿನ್ನವನ್ನು ಅಷ್ಟು ಸಣ್ಣಗೆ ಮಾಡಿದರೆ ಅದು ಹಳದಿಯಾಗಿ ಉಳಿಯುವುದಿಲ್ಲ. ಎರಡನೆಯದು ಕಂಟ್ರೋಲ್ ಗೆರೆ. ದ್ರವ ಅಲ್ಲಿಯವರೆಗೆ ಹರಿದಿದೆ, ಬಣ್ಣದ ಕಣಗಳು ಕೆಟ್ಟಿಲ್ಲ ಅನ್ನುವುದಷ್ಟೇ ಅದರ ಅರ್ಥ. ಯಾವ ಹಸುವಿನ ರಕ್ತ ಹಾಕಿದಿರಿ, ಸರಿಯಾದ ದಿನ ತೆಗೆದಿರಾ ಅನ್ನುವುದು ಅದಕ್ಕೇನು ಗೊತ್ತು?

ಅಂದರೆ ಆ ಗೆರೆ ಉತ್ತರ ಕೊಟ್ಟಿದ್ದು ಒಂದೇ ಒಂದು ಪ್ರಶ್ನೆಗೆ. "ಈ ಹಸುವಿನ ರಕ್ತದಲ್ಲಿ ಬ್ರುಸೆಲ್ಲಾದಂಥ ಏನನ್ನೋ ಕಂಡ ನೆನಪು ಇವತ್ತಿಗೆ ಸಾಕಷ್ಟಿದೆಯಾ?" ನಿಮ್ಮ ಪ್ರಶ್ನೆ ಬೇರೆ: "ಇದಕ್ಕೆ ರೋಗ ಇದೆಯಾ, ಬೇರೆಯದಕ್ಕೆ ಹತ್ತಿಸುತ್ತಾ, ಇಟ್ಟುಕೊಳ್ಳಲಾ?" ಎರಡೂ ಒಂದೇ ಅಂದುಕೊಂಡರೆ ನಾಲ್ಕು ಹಸುಗಳ ಫಲಿತಾಂಶ ಗೋಜಲಾಗಿ ಕಾಣುತ್ತದೆ. ಬೇರೆ ಬೇರೆ ಅಂದುಕೊಂಡು ನೋಡಿ, ನಾಲ್ಕೂ ಅರ್ಥವಾಗುತ್ತವೆ.

ಮೊದಲನೆಯದು ಕಷ್ಟವೇನಲ್ಲ. ಏಳನೇ ತಿಂಗಳಿಗೆ ಕಂದು ಹಾಕಿದೆ, ಗೆರೆಯೂ ಬಂದಿದೆ. ಬ್ರುಸೆಲ್ಲಾದಲ್ಲಿ ಗಬ್ಬದ ಕೊನೆಯ ಮೂರು ತಿಂಗಳಲ್ಲೇ ಜಾಸ್ತಿ ಕಂದು ಬೀಳುವುದು. ಇತಿಹಾಸವೂ ಪರೀಕ್ಷೆಯೂ ಒಂದೇ ಕಡೆ ಕೈ ತೋರಿಸುತ್ತಿವೆ. ಖಚಿತವಾಗುವವರೆಗೆ ಇದಕ್ಕೆ ರೋಗ ಇದೆ ಅಂತಲೇ ನಡೆದುಕೊಳ್ಳಿ.

ಎರಡನೆಯದರ ನೆಗೆಟಿವ್ ನಿಮಗೆ ಸಮಾಧಾನ ತಂದಿರಬಹುದು. ನನಗೆ ತರಲಿಲ್ಲ. ರಕ್ತ ತೆಗೆದಿದ್ದು ಕಂದು ಹಾಕಿದ ಮೂರನೇ ದಿನ. ಬ್ರುಸೆಲ್ಲಾದಲ್ಲಿ ಪ್ರತಿಕಾಯ ಕೆಲವು ಹಸುಗಳಲ್ಲಿ ಕಂದು ಬೀಳುವ ಮೊದಲೇ ಕಾಣುತ್ತದೆ, ಕೆಲವದರಲ್ಲಿ ಆಮೇಲೆ ಏರುತ್ತದೆ. ಆ ಸಂಧಿಕಾಲದಲ್ಲಿ ರಕ್ತ ತೆಗೆದರೆ ರೋಗ ಮೈತುಂಬ ಇದ್ದರೂ ಗೆರೆ ಬಾರದೆ ಇರಬಹುದು. 3ರಿಂದ 4 ವಾರ ಬಿಟ್ಟು ಮತ್ತೆ ತೆಗೆಯಲೇಬೇಕು. ಅಲ್ಲಿಯವರೆಗೆ ಇದನ್ನು "ನೆಗೆಟಿವ್ ಹಸು" ಅನ್ನಬೇಡಿ, "ಇನ್ನೂ ಗೊತ್ತಿಲ್ಲದ ಹಸು" ಅನ್ನಿ. ನಿಮ್ಮ ಕೊಟ್ಟಿಗೆಯಲ್ಲಿ ಈಗ ಅತಿ ಅಪಾಯದ ಹಸು ಇದೇ ಆಗಿರಬಹುದು. ಕಂದು ಹಾಕಿದ ಮೇಲೆ ಕೆಲವು ವಾರ ಸೋರುವ ಲೋಳೆಯಲ್ಲಿ ರೋಗಾಣು ಹೋಗುತ್ತಿರುತ್ತದೆ. ನೆಗೆಟಿವ್ ಅಂತ ಹೇಳಿ ಇದನ್ನು ಉಳಿದವುಗಳ ಪಕ್ಕದಲ್ಲೇ ಕಟ್ಟಿದ್ದರೆ ಇವತ್ತೇ ಬಿಡಿಸಿ. ಹಾಗಂತ ಇದಕ್ಕೆ ಬ್ರುಸೆಲ್ಲಾವೇ ಇರಬೇಕೆಂದೂ ಇಲ್ಲ. ಲೆಪ್ಟೋಸ್ಪೈರಾ, ಕ್ಯಾಂಪಿಲೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾಗಳು, ನಿಯೋಸ್ಪೋರಾ ಅನ್ನುವ ಪರೋಪಜೀವಿ, ಐಬಿಆರ್ ವೈರಸ್, ಬೂಷ್ಟು ಹಿಡಿದ ಮೇವು, ಇವುಗಳಿಂದಲೂ ಕಂದು ಬೀಳುತ್ತದೆ. ಬ್ರುಸೆಲ್ಲಾದ ಪಟ್ಟಿ ಇವುಗಳಲ್ಲಿ ಒಂದನ್ನೂ ನೋಡುವುದಿಲ್ಲ.

ಮೂರನೆಯದು ಚೆನ್ನಾಗಿ ಹಾಲು ಕೊಡುವ ಹಸು. ಪರೀಕ್ಷೆ ತಪ್ಪಿದೆ ಅಂತ ನಿಮಗೆ ಅನ್ನಿಸಿದ್ದು ಇದನ್ನು ನೋಡಿಯೇ ಇರಬೇಕು. ಆದರೆ ಬ್ರುಸೆಲ್ಲಾ ತಗಲಿದ ಬಹುಪಾಲು ಹಸುಗಳು ಒಂದೇ ಸಲ ಕಂದು ಹಾಕುತ್ತವೆ, ಆಮೇಲಿನ ಸೂಲುಗಳಲ್ಲಿ ಕರು ಜೀವಂತ ಬರುತ್ತದೆ. ಕೆಲವು ಒಂದು ಸಲವೂ ಕಂದು ಹಾಕುವುದಿಲ್ಲ. ನೋಡಲು ಗಟ್ಟಿಮುಟ್ಟಾಗಿ ಇರುತ್ತವೆ. ರೋಗಾಣು ಕೆಚ್ಚಲಲ್ಲಿ, ಅದರ ಹತ್ತಿರದ ಹಾಲ್ರಸದ ಗಂಟುಗಳಲ್ಲಿ (ಲಿಂಫ್ ನೋಡ್) ಕೂತಿರುತ್ತದೆ. ಹಾಲಿನಲ್ಲಿ ಬರುತ್ತಿರುತ್ತದೆ, ಪ್ರತಿ ಹೆರಿಗೆಯಲ್ಲೂ ಹೊರಬೀಳುತ್ತದೆ. ಹಾಗಾಗಿ "ಚೆನ್ನಾಗಿದೆಯಲ್ಲ" ಅನ್ನುವುದು ಪಟ್ಟಿಯನ್ನು ತಳ್ಳಿಹಾಕಲು ಸಾಕಾಗುವ ಕಾರಣವಲ್ಲ. ಇದನ್ನು ಹೊರಗಿನಿಂದ ತಂದಿದ್ದೇ, ಯಾವಾಗ ತಂದಿರಿ, ಆಮೇಲೆಯೇ ಕಂದು ಬೀಳುವುದು ಶುರುವಾಯಿತಾ ಅಂತ ನೆನಪು ಮಾಡಿಕೊಳ್ಳಿ.

ಇನ್ನು ಕಡಸು. ಇದಕ್ಕೆ ನನ್ನದೊಂದು ಪ್ರಶ್ನೆ: ಕರುವಾಗಿದ್ದಾಗ ಬ್ರುಸೆಲ್ಲಾ ಲಸಿಕೆ ಹಾಕಿಸಿದ್ದಿರಾ? ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳ ನಡುವೆ ಹಾಕುವ ಎಸ್19 ಅನ್ನುವ ಲಸಿಕೆ ಜೀವಂತ ಬ್ರುಸೆಲ್ಲಾ. ಬಲ ಕುಂದಿದ ತಳಿ, ಅಷ್ಟೇ. ಮೈ ಅದನ್ನು ಕಂಡು ತಯಾರಿಸುವ ಪ್ರತಿಕಾಯವೂ ನಿಜವಾದ ರೋಗ ಬಂದಾಗ ತಯಾರಿಸುವ ಪ್ರತಿಕಾಯವೂ ಪಟ್ಟಿಯ ಕಣ್ಣಿಗೆ ಒಂದೇ. ಸರಿಯಾದ ವಯಸ್ಸಿನಲ್ಲಿ ಹಾಕಿದ್ದರೆ ಬಹುಪಾಲು ಕರುಗಳಲ್ಲಿ ತಿಂಗಳುಗಳು ಕಳೆದ ಹಾಗೆ ಅದು ಇಳಿಯುತ್ತದೆ. ತಡವಾಗಿ ಹಾಕಿದ್ದರೆ ವರ್ಷಗಟ್ಟಲೆ ಉಳಿಯಬಹುದು. ಆರ್‌ಬಿ51 ಅನ್ನುವ ಇನ್ನೊಂದು ಲಸಿಕೆಗೆ ಈ ತೊಂದರೆ ಇಲ್ಲ. ಸಾಮಾನ್ಯ ಪರೀಕ್ಷೆಗಳು ಹುಡುಕುವ ಹೊರಪದರದ ಸಕ್ಕರೆ ಸರಪಳಿಯೇ ಆ ತಳಿಯಲ್ಲಿ ಇರುವುದಿಲ್ಲ. ಲಸಿಕೆ ಬಿಟ್ಟರೆ ಯೆರ್ಸಿನಿಯಾ ಅನ್ನುವ ಕರುಳಿನ ಬ್ಯಾಕ್ಟೀರಿಯಾದ ಒಂದು ಬಗೆಯೂ ಹೀಗೇ ಮೋಸ ಮಾಡುತ್ತದೆ. ಅದರ ಹೊರಪದರ ಬ್ರುಸೆಲ್ಲಾದ್ದನ್ನೇ ಹೋಲುತ್ತದೆ. ಲಸಿಕೆಯ ದಿನಾಂಕ ಬರೆದಿಟ್ಟಿದ್ದರೆ ಕಡಸಿನ ಗೊಂದಲ ಅರ್ಧ ಕಡಿಮೆಯಾಗುತ್ತದೆ. ಬರೆದಿಟ್ಟಿಲ್ಲ ಅಲ್ವಾ? ಹೆಚ್ಚಿನವರು ಬರೆದಿಡುವುದಿಲ್ಲ.

ಇಲ್ಲಿ ಒಂದು ಲೆಕ್ಕ ಹೇಳಬೇಕು. ಪೆಟ್ಟಿಗೆಯ ಮೇಲೆ "95% ನಿಖರ" ಅಂತ ಬರೆದಿದ್ದರೆ, ಪಾಸಿಟಿವ್ ಬಂದ 100ರಲ್ಲಿ 95ಕ್ಕೆ ರೋಗ ಇದೆ ಅಂತ ಎಲ್ಲರೂ ಓದಿಕೊಳ್ಳುತ್ತಾರೆ. ಅದು ಹಾಗಲ್ಲ. ರೋಗ ಇರುವ 100ರಲ್ಲಿ 95ನ್ನು ಹಿಡಿಯುವ, ರೋಗ ಇಲ್ಲದ 100ರಲ್ಲಿ 95ನ್ನು ಸರಿಯಾಗಿ ಬಿಡುವ ಪರೀಕ್ಷೆ ಇದೆ ಅನ್ನಿ. 1000 ಹಸುಗಳ ಹಿಂಡು, ರೋಗ ಇರುವುದು 10ಕ್ಕೆ ಮಾತ್ರ. ಆ 10ರಲ್ಲಿ ಹೆಚ್ಚುಕಡಿಮೆ ಎಲ್ಲವೂ ಸಿಕ್ಕಿಬೀಳುತ್ತವೆ. ಉಳಿದ 990ರಲ್ಲಿ ನೂರಕ್ಕೆ 5ರಂತೆ ಸುಮಾರು 50 ಹಸುಗಳಿಗೆ ಸುಮ್ಸುಮ್ನೆ ಗೆರೆ ಬರುತ್ತದೆ. ಒಟ್ಟು ಗೆರೆ ಬಂದಿದ್ದು ಸುಮಾರು 60ಕ್ಕೆ, ರೋಗ ಇರುವುದು ಅದರಲ್ಲಿ 10ಕ್ಕೆ. ಅಂದರೆ ಆರರಲ್ಲಿ ಐದು ಸುಳ್ಳು! ಅದೇ ಪರೀಕ್ಷೆಯನ್ನು 300 ಹಸುಗಳಿಗೆ ರೋಗ ಇರುವ 1000ದ ಹಿಂಡಿನಲ್ಲಿ ಮಾಡಿ. ನಿಜವಾದ ಗೆರೆ 285, ಸುಳ್ಳು ಗೆರೆ 35. ಈಗ ಗೆರೆ ಬಂದ ಹತ್ತರಲ್ಲಿ ಸುಮಾರು ಒಂಬತ್ತು ನಿಜ. ಪಟ್ಟಿ ಒಂದೇ, ಹಿಂಡು ಬೇರೆ. ಗೆರೆಯ ಬೆಲೆ ನಿಂತಿರುವುದು ಪರೀಕ್ಷೆಗೆ ಮೊದಲು ನಿಮಗೆ ಇದ್ದ ಅನುಮಾನದ ಮೇಲೆ.

ನಿಮ್ಮ ಕೊಟ್ಟಿಗೆಯಲ್ಲಿ ಒಂದೇ ತಿಂಗಳಲ್ಲಿ ಎರಡು ಕಂದು ಬಿದ್ದಿವೆ. ಅನುಮಾನ ಮೊದಲೇ ಬಲವಾಗಿದೆ. ಅದಕ್ಕೇ ಮೊದಲನೆಯ ಹಸುವಿನ ಗೆರೆಯನ್ನು ನಾನು ನಂಬುತ್ತೇನೆ, ಎರಡನೆಯದರ ನೆಗೆಟಿವನ್ನು ನಂಬುವುದಿಲ್ಲ. ಯಾವ ತೊಂದರೆಯೂ ಇಲ್ಲದ ಹಿಂಡಿನಲ್ಲಿ ಕುತೂಹಲಕ್ಕೆ ಅಂತ ಹನ್ನೊಂದಕ್ಕೂ ಪಟ್ಟಿ ಹಾಕಿದ್ದಿದ್ದರೆ ನನ್ನ ಉತ್ತರ ತಿರುಗಮುರುಗ ಆಗುತ್ತಿತ್ತು. ರೋಗವೇ ಇಲ್ಲದ 10 ಹಸುಗಳಿಗೆ ಇಂಥ ಪರೀಕ್ಷೆ ಮಾಡಿದರೆ, ಒಂದಕ್ಕಾದರೂ ಸುಳ್ಳು ಗೆರೆ ಬರುವ ಸಾಧ್ಯತೆ ನೂರಕ್ಕೆ 40. ಒಳ್ಳೆಯ ಹಸುವನ್ನು ಹೀಗೆ ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ಹಾಗಾದರೆ ಮುಂದೇನು? ಗೆರೆ ಬಂದವನ್ನು ಬೇರೆ ತತ್ವದ ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಬೇಕು. ಅದೇ ಪಟ್ಟಿಯನ್ನು ಮತ್ತೆ ಮಾಡುವುದು ಖಚಿತಪಡಿಸಿದ ಹಾಗಲ್ಲ. ಅದು ಮೊದಲ ಸಲ ಮಾಡಿದ ತಪ್ಪನ್ನೇ ಮತ್ತೆ ಮಾಡಬಹುದು. ಸಾಮಾನ್ಯ ಕ್ರಮ ಹೀಗಿದೆ: ಮೊದಲು ರೋಸ್ ಬೆಂಗಾಲ್ ಪರೀಕ್ಷೆ, ಅದರಲ್ಲಿ ಬಂದವಕ್ಕೆ ಎಲೈಸಾ ಅಥವಾ ಕಾಂಪ್ಲಿಮೆಂಟ್ ಫಿಕ್ಸೇಶನ್ ಅನ್ನುವ ಪ್ರಯೋಗಾಲಯದ ಪರೀಕ್ಷೆ.

ರೋಸ್ ಬೆಂಗಾಲ್ ನನಗೆ ತುಂಬಾ ಮೆಚ್ಚಿನ ಪರೀಕ್ಷೆ. ಅರ್ಧ ಶತಮಾನಕ್ಕೂ ಹಳೆಯದು. ಯಂತ್ರ ಬೇಡ, ಕರೆಂಟ್ ಬೇಡ. ಸತ್ತ ಬ್ರುಸೆಲ್ಲಾಗಳಿಗೆ ಗುಲಾಬಿ ಬಣ್ಣ ಹಾಕಿದ ದ್ರಾವಣ ಒಂದು ಹನಿ, ಸೀರಂ ಒಂದು ಹನಿ, ತಲಾ ಸುಮಾರು 30 ಮೈಕ್ರೋಲೀಟರ್. ಬಿಳಿ ಹಲಗೆಯ ಮೇಲೆ ಬೆರೆಸಿ 4 ನಿಮಿಷ ತೂಗಾಡಿಸುತ್ತಾರೆ. ಪ್ರತಿಕಾಯ ಇದ್ದರೆ ಗುಲಾಬಿ ಹರಳು ಹರಳಾಗಿ ಒಡೆಯುತ್ತದೆ, ಇಲ್ಲದಿದ್ದರೆ ನುಣ್ಣಗೆ ಉಳಿಯುತ್ತದೆ. ಆ ದ್ರಾವಣವನ್ನು ಬೇಕೆಂದೇ ಹುಳಿಯಾಗಿ ಇಟ್ಟಿರುತ್ತಾರೆ, ಪಿಎಚ್ 3.65ರ ಆಸುಪಾಸು. ಆ ಹುಳಿಯಲ್ಲಿ ಸುಮ್ನೆ ಅಂಟಿಕೊಳ್ಳುವ ಬಗೆಯ ಪ್ರತಿಕಾಯಗಳು ಸುಮ್ಮನಾಗುತ್ತವೆ, ಗಟ್ಟಿಯಾಗಿ ಹಿಡಿಯುವವು ಮಾತ್ರ ಕೆಲಸ ಮಾಡುತ್ತವೆ. 4 ನಿಮಿಷಕ್ಕೆ ಓದಬೇಕು. ಅದಕ್ಕಿಂತ ಜಾಸ್ತಿ ಹೊತ್ತು ಬಿಟ್ಟರೆ ಅಂಚು ಒಣಗಿ ಸುಳ್ಳು ಹರಳು ಕಾಣುತ್ತದೆ. ಎಸ್19ರ ಗೊಂದಲ ಇದಕ್ಕೂ ಇದೆ, ಅದರಿಂದ ಪೂರ್ತಿ ತಪ್ಪಿಸಿಕೊಳ್ಳಲು ಆಗದು.

ರೋಗಾಣುವನ್ನೇ ನೋಡಬೇಕೆಂದರೆ ಅದಕ್ಕೆ ರಕ್ತ ಅಷ್ಟು ಒಳ್ಳೆಯ ಮಾದರಿ ಅಲ್ಲ. ಕಂದಿನ ಹೊಟ್ಟೆಯೊಳಗಿನ ದ್ರವ, ಮಾಸಿನ ಗುಂಡಿಗಳು, ಹಸುವಿನ ಯೋನಿಯ ಲೋಳೆ, ಇವುಗಳಲ್ಲಿ ಅದು ಸಿಗುತ್ತದೆ. ರೋಗಾಣುವಿನ ಡಿಎನ್ಎ ಹುಡುಕುವ ಪಿಸಿಆರ್ ಪರೀಕ್ಷೆ ಒಂದೇ ದಿನದಲ್ಲಿ ಹೇಳಬಲ್ಲದು. ಮಾಸಿನ ಲೇಪಕ್ಕೆ ವಿಶೇಷ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪು ಚುಕ್ಕಿಗಳ ಗುಂಪು ಕಾಣುವುದುಂಟು, ಆದರೆ ಕಾಕ್ಸಿಯೆಲ್ಲಾ, ಕ್ಲಮೈಡಿಯಾ ಅನ್ನುವ ಬೇರೆ ಬ್ಯಾಕ್ಟೀರಿಯಾಗಳು ಕೂಡ ಹಾಗೇ ಕಾಣುತ್ತವೆ. ಇವನ್ನು ತೆಗೆಯುವುದು ಕೈಗವಸು, ಮುಖಗವಸು, ಕನ್ನಡಕ ಹಾಕಿದ ಪಶುವೈದ್ಯರ ಕೆಲಸ. ನೀವು ತೆಗೆಯಬೇಡಿ. ಮತ್ತೊಂದು ಸಲ ಕಂದು ಬಿದ್ದರೆ ಮುಟ್ಟದೆ, ನಾಯಿ ಎಳೆದುಕೊಂಡು ಹೋಗದ ಹಾಗೆ ಮುಚ್ಚಿಟ್ಟು ಮೊದಲು ಫೋನ್ ಮಾಡಿ. ಆಂಟಿಬಯೋಟಿಕ್ ಕೊಟ್ಟು ಗುಣ ಮಾಡೋಣ ಅನ್ನುವ ಆಸೆಯನ್ನೂ ಬಿಡಿ. ಈ ರೋಗಾಣು ಮೈಯ ಜೀವಕೋಶಗಳ ಒಳಗೇ ಅಡಗಿ ಕೂರುತ್ತದೆ. ಔಷಧಿಗೆ ಅದು ಪೂರ್ತಿ ಸಿಗುವುದಿಲ್ಲ, ಹಸುವಿನಲ್ಲಿ ಇದಕ್ಕೆ ಚಿಕಿತ್ಸೆ ಮಾಡುವ ಪದ್ಧತಿ ಇಲ್ಲ.

ಹಿಂಡಿನ ಮೇಲೆ ಕಣ್ಣಿಡಲು ಇನ್ನೊಂದು ಸುಲಭದ ದಾರಿ ಹಾಲಿನ ಉಂಗುರ ಪರೀಕ್ಷೆ. ಎಲ್ಲ ಹಸುಗಳ ಹಾಲು ಸೇರಿಸಿದ್ದರಿಂದ 1 ಮಿ.ಲೀ. ತೆಗೆದು, ಬಣ್ಣ ಹಾಕಿದ ಬ್ರುಸೆಲ್ಲಾ ದ್ರಾವಣದ ಒಂದು ಹನಿ ಬೆರೆಸಿ, 37 ಡಿಗ್ರಿಯಲ್ಲಿ ಒಂದು ಗಂಟೆ ಇಡುತ್ತಾರೆ. ಹಾಲಿನಲ್ಲಿ ಪ್ರತಿಕಾಯ ಇದ್ದರೆ ಬಣ್ಣ ಕೆನೆಗೆ ಅಂಟಿ ಮೇಲೇರಿ ನೀಲಿ ಉಂಗುರವಾಗುತ್ತದೆ. ಗಿಣ್ಣು ಹಾಲು, ಕೆಚ್ಚಲು ಬಾವು ಬಂದ ಹಾಲು, ಬತ್ತುತ್ತಿರುವ ಹಸುವಿನ ಹಾಲು ಸೇರಿದರೆ ಸುಳ್ಳು ಉಂಗುರ ಬರುತ್ತದೆ. ಆಡು, ಕುರಿಯ ಹಾಲಿಗೆ ಇದು ಆಗುವುದಿಲ್ಲ, ಅವುಗಳ ಕೆನೆ ಹಸುವಿನದರ ಹಾಗೆ ಮೇಲೇರುವುದಿಲ್ಲ. ಬತ್ತಿಸಿದ ಹಸು, ಕಡಸು, ಹೋರಿ ಇದರ ಲೆಕ್ಕಕ್ಕೇ ಬರುವುದಿಲ್ಲ ಅನ್ನುವುದನ್ನೂ ಮರೆಯಬೇಡಿ.

ನಿಮ್ಮ ಎರಡನೇ ಪ್ರಶ್ನೆ, ನಾವೇ ಪಟ್ಟಿ ತಂದಿಟ್ಟುಕೊಳ್ಳಬಹುದಾ ಅನ್ನುವುದು. ಬ್ರುಸೆಲ್ಲಾಗೆ ಬೇಡ ಅನ್ನುತ್ತೇನೆ. ರಕ್ತ ತೆಗೆಯುವುದರಲ್ಲೇ ಅಪಾಯ ಇದೆ, ಫಲಿತಾಂಶ ಬಂದ ಮೇಲೆ ಅದನ್ನು ಓದುವುದು ಎಷ್ಟು ಜಟಿಲ ಅಂತ ಈಗಷ್ಟೇ ನೋಡಿದಿರಿ. ಬಹಳ ದೇಶಗಳಲ್ಲಿ ಇದು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ ಕೂಡ. ಕೆಚ್ಚಲು ಬಾವಿನ ಮಾತು ಬೇರೆ. ಅದಕ್ಕೆ ಪ್ರತಿ ಕೊಟ್ಟಿಗೆಯಲ್ಲೂ ಒಂದು ಪರೀಕ್ಷೆ ಇರಬೇಕು, ಅದು ಪಟ್ಟಿಯಲ್ಲ, ಸಿಎಂಟಿ. ಪೂರ್ತಿ ಹೆಸರು ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್, 1957ರಲ್ಲಿ ಬಂದಿದ್ದು.

ನಾಲ್ಕು ಬಟ್ಟಲಿನ ಒಂದು ತಟ್ಟೆ, ಒಂದು ಬಾಟಲಿ ದ್ರಾವಣ, ಅಷ್ಟೇ ಸಾಮಾನು. ಮೊಲೆತೊಟ್ಟಿನಿಂದ ಮೊದಲ ಎರಡು ಮೂರು ಸೆಲೆ ಚೆಲ್ಲಿ, ಒಂದೊಂದು ತೊಟ್ಟಿನ ಹಾಲನ್ನು ಒಂದೊಂದು ಬಟ್ಟಲಿಗೆ ಹಿಂಡಿ. ತಟ್ಟೆ ಓರೆ ಮಾಡಿ ಹೆಚ್ಚಾಗಿದ್ದನ್ನು ಚೆಲ್ಲಿ, ಹಾಲಿನಷ್ಟೇ ದ್ರಾವಣ ಹಾಕಿ, 10 ಸೆಕೆಂಡ್ ಸುತ್ತಾಡಿಸಿ. ದ್ರಾವಣ ಬೇರೇನಲ್ಲ, ಒಂದು ಬಗೆಯ ಸೋಪು ಮತ್ತು ಬಣ್ಣ. ಕೆಚ್ಚಲಿಗೆ ಸೋಂಕು ಬಂದಾಗ ಅದರ ಜೊತೆ ಹೋರಾಡಲು ಬಿಳಿ ರಕ್ತಕಣಗಳು ಹಾಲಿಗೆ ಬರುತ್ತವೆ. ಸೋಪು ಆ ಕಣಗಳನ್ನು ಒಡೆಯುತ್ತದೆ, ಒಳಗಿನ ಡಿಎನ್ಎ ಹೊರಬಂದು ಗೊಣ್ಣೆಯ ಹಾಗೆ ಅಂಟುತ್ತದೆ. ಅಂಟು ಎಷ್ಟು ಗಟ್ಟಿಯೋ ಕಣ ಅಷ್ಟು ಜಾಸ್ತಿ. ಹಾಲು ಒಡೆಯುವ ಮೊದಲೇ, ಕೆಚ್ಚಲು ಬಿಸಿಯಾಗುವ ಮೊದಲೇ, ಯಾವ ತೊಟ್ಟಿನಲ್ಲಿ ತೊಂದರೆ ಅಂತ ಹೇಳಿಬಿಡುತ್ತದೆ. ಒಂದು ಮಿಲಿಲೀಟರ್ ಹಾಲಿನಲ್ಲಿ 2 ಲಕ್ಷಕ್ಕಿಂತ ಜಾಸ್ತಿ ಕಣ ಇದ್ದರೆ ಸೋಂಕಿನ ಅನುಮಾನ ಪಡುತ್ತೇವೆ. ಸಿಎಂಟಿಯಲ್ಲಿ ಸಣ್ಣಗೆ ಅಂಟು ಕಾಣಿಸುವುದೂ ಹೆಚ್ಚುಕಡಿಮೆ ಅಲ್ಲಿಂದಲೇ. ಕರು ಹಾಕಿದ ಮೊದಲ ಕೆಲವು ದಿನ, ಬತ್ತಿಸುವ ಹೊತ್ತಿನಲ್ಲಿ, ಎಲ್ಲ ತೊಟ್ಟಿನಲ್ಲೂ ಅಂಟು ಬರುವುದು ಸಹಜ. ನಾಲ್ಕು ಬಟ್ಟಲಲ್ಲಿ ಒಂದು ಮಾತ್ರ ಬೇರೆ ಥರ ಕಂಡರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಆಡಿನ ಹಾಲಿನಲ್ಲಿ ಕಣಗಳು ಮೊದಲಿಂದಲೂ ಜಾಸ್ತಿ, ಹಸುವಿನ ಅಳತೆಯಿಂದ ಅದನ್ನು ಓದಬೇಡಿ.

ಸಿಎಂಟಿ ಹೇಳುವುದು ಜಗಳ ನಡೆಯುತ್ತಿದೆ ಅಂತ. ಯಾರ ಜೊತೆ ಜಗಳ ಅಂತ ಹೇಳುವುದಿಲ್ಲ. ನಿಮ್ಮ ಮೂರನೇ ಪ್ರಶ್ನೆಗೆ, ಆಂಟಿಬಯೋಟಿಕ್ ವಿಷಯಕ್ಕೆ, ಉತ್ತರ ಇಲ್ಲೇ ಇದೆ. ಯಾವ ಔಷಧಿ ಅಂತ ತಿಳಿಯಲು ಬ್ಯಾಕ್ಟೀರಿಯಾ ಯಾವುದು, ಅದು ಯಾವುದಕ್ಕೆ ಬಗ್ಗುತ್ತದೆ ಅನ್ನುವುದು ಗೊತ್ತಾಗಬೇಕು. ಅದಕ್ಕೆ ಹಾಲಿನಿಂದ ಅದನ್ನು ಬೆಳೆಸಬೇಕು. ಬೆಳೆಯಲು ಒಂದು ದಿನ, ಔಷಧಿಯ ಬಿಲ್ಲೆಗಳನ್ನು ಇಟ್ಟು ಯಾವುದರ ಸುತ್ತ ಬೆಳೆಯಲಿಲ್ಲ ಅಂತ ನೋಡಲು ಇನ್ನೊಂದು ದಿನ. 15 ನಿಮಿಷದ ಯಾವ ಪಟ್ಟಿಯೂ ಈ ಕೆಲಸ ಮಾಡುವುದಿಲ್ಲ. ಮಾಡುತ್ತದೆ ಅಂತ ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ.

ನಡುವಿನ ಒಂದು ದಾರಿ ಇದೆ, ನನಗೆ ಅದರ ಮೇಲೆ ಜಾಸ್ತಿ ನಂಬಿಕೆ. ಬ್ಯಾಕ್ಟೀರಿಯಾ ಬೆಳೆಸುವ ಸಣ್ಣ ಬಣ್ಣದ ತಟ್ಟೆಗಳು ಸಿಗುತ್ತವೆ. ಹಾಲು ಸವರಿ 37 ಡಿಗ್ರಿಯ ಪೆಟ್ಟಿಗೆಯಲ್ಲಿ 24 ಗಂಟೆ ಇಟ್ಟರೆ, ಬೆಳೆದ ಬಣ್ಣ ನೋಡಿ ಗ್ರಾಂ ಪಾಸಿಟಿವೋ, ಗ್ರಾಂ ನೆಗೆಟಿವೋ (ಬ್ಯಾಕ್ಟೀರಿಯಾಗಳ ಎರಡು ದೊಡ್ಡ ಗುಂಪುಗಳು), ಏನೂ ಬೆಳೆದಿಲ್ಲವೋ ಅಂತ ಹೇಳಬಹುದು. ಹಾಲು ಮಾತ್ರ ಒಡೆದಿದ್ದು, ಹಸು ಮೇಯುತ್ತಾ ಚೆನ್ನಾಗಿದ್ದರೆ, ಒಂದು ದಿನ ಕಾಯುವುದರಿಂದ ಸಾಮಾನ್ಯವಾಗಿ ನಷ್ಟವಾಗುವುದಿಲ್ಲ. ಇಂಥ ಹಾಲುಗಳಲ್ಲಿ ಒಳ್ಳೆಯ ಪಾಲಿನಲ್ಲಿ ಏನೂ ಬೆಳೆಯುವುದೇ ಇಲ್ಲ. ಮೈ ತಾನೇ ಗೆದ್ದಿರುತ್ತದೆ. ಇ. ಕೋಲಿಯಂಥ ಗ್ರಾಂ ನೆಗೆಟಿವ್‌ಗಳ ಹಗುರ ಬಾವೂ ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ. ಹಾಗಾಗಿ ಕೆಚ್ಚಲಿಗೆ ಟ್ಯೂಬ್ ಹಾಕುವ ಅಗತ್ಯ ಬೀಳುವುದು ಉಳಿದವಕ್ಕೆ ಮಾತ್ರ. ಜ್ವರ ಇದ್ದರೆ, ಮೇವು ಬಿಟ್ಟಿದ್ದರೆ, ಹಸು ಏಳದಿದ್ದರೆ ತಟ್ಟೆಗೆ ಕಾಯಬೇಡಿ, ಡಾಕ್ಟರನ್ನು ಕರೆಸಿ. ಸ್ಟ್ಯಾಫಿಲೋಕಾಕಸ್ ಆರಿಯಸ್ ಅನ್ನುವ ಹಠಮಾರಿ ಬ್ಯಾಕ್ಟೀರಿಯಾ ಇದೆಯಲ್ಲ, ಅದು ಹಾಲಿನಲ್ಲಿ ದಿನಾ ಒಂದೇ ಸಮ ಬರುವುದಿಲ್ಲ. ಒಂದು ಸಲ ಬೆಳೆಯಲಿಲ್ಲ ಅಂತ ಅದನ್ನು ಬಿಟ್ಟುಬಿಡಬಾರದು.

ಕ್ಷಯದ ಬಗ್ಗೆ ಕೇಳಿದ್ದೀರಿ. ಅಲ್ಲಿ ಪ್ರತಿಕಾಯದ ಪಟ್ಟಿ ಮೊದಲೇ ಸೋತ ಕುದುರೆ. ಕ್ಷಯದ ರೋಗಾಣುವಿನ ಮೇಲೆ ಹಸುವಿನ ಮೈ ಮೊದಲು ಬಿಡುವುದು ಪ್ರತಿಕಾಯವನ್ನಲ್ಲ, ಜೀವಕೋಶಗಳ ಪಡೆಯನ್ನು. ಪ್ರತಿಕಾಯ ಏರುವುದು ಬಹಳ ತಡವಾಗಿ, ರೋಗ ಬಲಿತ ಮೇಲೆ. ಅದಕ್ಕೇ ಇವತ್ತಿಗೂ ಚರ್ಮದ ಪರೀಕ್ಷೆಯೇ ಮುಖ್ಯ. ಟ್ಯೂಬರ್ಕುಲಿನ್ (ಕ್ಷಯದ ರೋಗಾಣುವಿನಿಂದ ತೆಗೆದ ಪ್ರೋಟೀನ್) 0.1 ಮಿ.ಲೀ. ಚರ್ಮದೊಳಗೆ ಚುಚ್ಚಿ, 72 ಗಂಟೆ ಬಿಟ್ಟು ಚರ್ಮ ಎಷ್ಟು ದಪ್ಪವಾಯಿತು ಅಂತ ಅಳೆಯುತ್ತಾರೆ. ವಿಚಿತ್ರ ಅಂದರೆ ರೋಗ ತೀರಾ ಬಲಿತ ಹಸುವಿನಲ್ಲಿ ಚರ್ಮ ಉಬ್ಬದೇ ಹೋಗಬಹುದು. ಅಂಥ ಹಸುವಿನಲ್ಲಿ ಮಾತ್ರ ಪ್ರತಿಕಾಯದ ಪರೀಕ್ಷೆ ನೆರವಿಗೆ ಬರುತ್ತದೆ. ಕ್ಷಯದ ರೋಗಾಣುವಿನ ನಂಟಿನದೇ ಒಂದು ಬ್ಯಾಕ್ಟೀರಿಯಾ ಕರುಳಿಗೆ ತರುವ ಜೋನ್ಸ್ ರೋಗದ್ದೂ ಇದೇ ಕಥೆ. ವರ್ಷಗಟ್ಟಲೆ ಒಳಗೊಳಗೇ ಇರುವಾಗ ರಕ್ತ ಏನೂ ಹೇಳುವುದಿಲ್ಲ.

ಕರುಗಳ ಭೇದಿಗೆ ಸಗಣಿಯಲ್ಲಿ ನೋಡುವ ಪಟ್ಟಿಗಳಿವೆ. ಅವು ರೋಗಾಣುವನ್ನೇ ಹುಡುಕುತ್ತವೆ. ಇ. ಕೋಲಿಯ ಎಫ್5 ಬಗೆ, ರೋಟಾ, ಕೊರೊನಾ ವೈರಸ್‌ಗಳು, ಕ್ರಿಪ್ಟೋಸ್ಪೊರಿಡಿಯಂ ಅನ್ನುವ ಪರೋಪಜೀವಿ, ಎಲ್ಲ ಒಂದೇ ಪೆಟ್ಟಿಗೆಯಲ್ಲಿ. ಇವು ಕೆಲಸಕ್ಕೆ ಬರುತ್ತವೆ, ಯಾಕೆಂದರೆ ನಾಲ್ಕರಲ್ಲಿ ಆಂಟಿಬಯೋಟಿಕ್ ಬೇಕಾಗಬಹುದಾದ್ದು ಮೊದಲನೆಯದಕ್ಕೆ ಮಾತ್ರ. ಅದೂ ಹುಟ್ಟಿದ ಮೊದಲ ಕೆಲವೇ ದಿನಗಳ ಕಾಯಿಲೆ. ಭೇದಿ ಶುರುವಾದ ದಿನವೇ ಸಗಣಿ ತೆಗೆಯಬೇಕು. ಪಟ್ಟಿಯ ಫಲಿತಾಂಶ ಏನೇ ಬರಲಿ, ಉಪ್ಪು ಸಕ್ಕರೆಯ ನೀರು ಕುಡಿಸುವುದನ್ನು ತಡಮಾಡಬಾರದು.

ಒಂದು ಕಡೆ ಮಾತ್ರ ಯಾವ ಪರೀಕ್ಷೆಗೂ ಕೈ ಹಾಕಬೇಡಿ. ನಿನ್ನೆ ಚೆನ್ನಾಗಿದ್ದ ಹಸು ಇವತ್ತು ಸತ್ತು ಬಿದ್ದಿದೆ, ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದೆ, ಮೈ ಸೆಟೆದಿಲ್ಲ ಅಂದರೆ ನೆರಡಿ ರೋಗ (ಆಂಥ್ರಾಕ್ಸ್) ಅಂತ ಅನುಮಾನ ಪಡಬೇಕು. ಹೊಟ್ಟೆ ಕೊಯ್ದು ನೋಡುವ ಹಾಗಿಲ್ಲ, ಚರ್ಮ ಸುಲಿಯುವ ಹಾಗಿಲ್ಲ. ಗಾಳಿ ತಾಗಿದರೆ ರೋಗಾಣು ಬೀಜಕಣವಾಗಿ ಮಣ್ಣಲ್ಲಿ ದಶಕಗಳ ಕಾಲ ಉಳಿಯುತ್ತದೆ. ಪಶುವೈದ್ಯರು ಕಿವಿಯ ರಕ್ತನಾಳದಿಂದ ಒಂದು ಹನಿ ತೆಗೆದು ಗಾಜಿನ ಮೇಲೆ ಸವರಿ, ಹಳತಾದ ಮೆಥಿಲೀನ್ ಬ್ಲೂ ಬಣ್ಣ ಹಾಕುತ್ತಾರೆ. ನೀಲಿ ಕಡ್ಡಿಗಳ ಸುತ್ತ ಗುಲಾಬಿ ಹೊದಿಕೆ ಕಂಡರೆ ಕೆಲವೇ ನಿಮಿಷಗಳಲ್ಲಿ ತೀರ್ಮಾನ. 1903ರಿಂದ ಬಳಕೆಯಲ್ಲಿರುವ ಈ ಪರೀಕ್ಷೆ ಈಗಿನ ಎಷ್ಟೋ ಪಟ್ಟಿಗಳಿಗಿಂತ ವೇಗ. ಗಳಲೆ ರೋಗದಲ್ಲೂ ರಕ್ತದ ಲೇಪ ನೋಡುತ್ತಾರೆ. ಆದರೆ ಅದರ ರೋಗಾಣು ರಕ್ತದಲ್ಲಿ ತುಂಬುವುದು ಸಾವಿಗೆ ಕೆಲವೇ ಗಂಟೆ ಮೊದಲು. ಜ್ವರ ಬಂದ ಕೂಡಲೇ ತೆಗೆದ ಲೇಪದಲ್ಲಿ ಏನೂ ಕಾಣಲಿಲ್ಲ ಅಂತ ಡಾಕ್ಟರು ಚಿಕಿತ್ಸೆ ನಿಲ್ಲಿಸುವುದಿಲ್ಲ, ನೀವೂ ನಿಲ್ಲಿಸಿ ಅನ್ನಬೇಡಿ.

ಇಷ್ಟಾದ ಮೇಲೂ ಯಾವುದಾದರೂ ಪಟ್ಟಿ ಕೊಳ್ಳುವುದಾದರೆ ಪೆಟ್ಟಿಗೆಯೊಳಗಿನ ಕಾಗದ ಓದಿ. ಯಾವ ಪ್ರಾಣಿಗೆ, ಯಾವ ಮಾದರಿಗೆ ಅಂತ ಇದೆ? ಸೀರಂಗೆ ಅಂತ ಇರುವುದಕ್ಕೆ ನೇರ ರಕ್ತ ಹಾಕಿದರೆ ಹರಿಯುವುದೇ ಇಲ್ಲ, ಹರಿದರೂ ಹಿನ್ನೆಲೆ ಕೆಂಪಾಗಿ ಗೆರೆ ಮುಚ್ಚಿಹೋಗುತ್ತದೆ. ನಿಖರತೆಯ ಅಂಕಿ ಎಷ್ಟು ಪ್ರಾಣಿಗಳನ್ನು ನೋಡಿ ಬಂದಿದ್ದು? ತೀರಾ ಕಾಯಿಲೆಯವನ್ನೂ ರೋಗವೇ ಇಲ್ಲದ ಕಡೆಯ ಆರೋಗ್ಯವಂತ ಪ್ರಾಣಿಗಳನ್ನೂ ಮಾತ್ರ ಹೋಲಿಸಿದರೆ ಯಾವ ಪಟ್ಟಿಯಾದರೂ ನೂರಕ್ಕೆ 99 ತೋರಿಸುತ್ತದೆ. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ತಾನು ಪರಿಶೀಲಿಸಿದ ಕಿಟ್‌ಗಳ ದಾಖಲೆ ಇಟ್ಟಿದೆ, ಯಾವ ಉದ್ದೇಶಕ್ಕೆ ಯಾವುದು ಅಂತ ಅದರಲ್ಲಿ ಬಿಡಿಸಿ ಬರೆದಿರುತ್ತದೆ. ಹೆಚ್ಚಿನ ಪಟ್ಟಿಗಳನ್ನು 30 ಡಿಗ್ರಿ ಮೀರದ ಕಡೆ ಇಡಬೇಕು. ನಾನೇ ಒಮ್ಮೆ ಒಂದು ಪೆಟ್ಟಿಗೆಯನ್ನು ಬಿಸಿಲಲ್ಲಿ ನಿಂತ ಗಾಡಿಯೊಳಗೆ ಮರೆತು, ಮಾರನೇ ದಿನ ಅದರಲ್ಲೇ ಪರೀಕ್ಷೆ ಮಾಡಿ, ಎಲ್ಲಾ ನೆಗೆಟಿವ್ ಅಂತ ಖುಷಿಯಾಗಿ ಬರೆದುಕೊಂಡು ಬಂದಿದ್ದೆ. ರೋಗ ಖಚಿತವಾದ ಹಸುವಿನ ಹಳೆಯ ಸೀರಂ ಹಾಕಿ ನೋಡಿದಾಗ ಅದಕ್ಕೂ ಗೆರೆ ಬರಲಿಲ್ಲ. ಆಗ ಗೊತ್ತಾಯಿತು. ಪೊಟ್ಟಣ ಒಡೆದ ಮೇಲೆ ಪಟ್ಟಿಯನ್ನು ಕೂಡಲೇ ಬಳಸಿ, ತೇವ ತಾಗಬಾರದು. ಹೇಳಿದ ನಿಮಿಷಕ್ಕೇ ಓದಿ, ಬೇಕಾದರೆ ಆ ಗಳಿಗೆಯಲ್ಲೇ ಫೋಟೋ ತೆಗೆಯಿರಿ. ಅರ್ಧ ಗಂಟೆ ಬಿಟ್ಟು ಮೂಡಿದ ಮಸುಕು ಗೆರೆ ಲೆಕ್ಕಕ್ಕಿಲ್ಲ. ನಿಮ್ಮ ಕಡಸಿನ ಗೆರೆಯನ್ನು ಅವರು ಎಷ್ಟು ಹೊತ್ತಿಗೆ ನೋಡಿದರು ಅಂತ ಒಂದು ಮಾತು ಕೇಳಿ.

ಈ ವಾರ ಪಶುವೈದ್ಯರನ್ನು ಕರೆಸಿ, ಹನ್ನೊಂದಕ್ಕೂ ರಕ್ತ ತೆಗೆಸಿ ಪ್ರಯೋಗಾಲಯಕ್ಕೆ ಕಳಿಸಿ. ಕಂದು ಹಾಕಿದ ಎರಡರ ಲೋಳೆಯನ್ನೂ ಪಿಸಿಆರ್‌ಗೆ ಕೇಳಿ. ಎರಡನೇ ಹಸು ಕಂದು ಹಾಕಿದ ದಿನದಿಂದ ಎಣಿಸಿ 28ನೇ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅವತ್ತು ಅದರ ರಕ್ತ ಮತ್ತೆ ತೆಗೆಯಬೇಕು. ಫಲಿತಾಂಶ ಬರುವವರೆಗೆ ಯಾವ ಹಸುವನ್ನೂ ಮಾರಬೇಡಿ, ಹೊಸದನ್ನು ತರಬೇಡಿ, ಹೋರಿಗೆ ಬಿಡಬೇಡಿ. ಮುಂದಿನ ಎರಡು ತಿಂಗಳಲ್ಲಿ ಕರು ಹಾಕುವ ಹಸು ಇದ್ದರೆ ಅದಕ್ಕೆ ಇವತ್ತೇ ಬೇರೆ ಜಾಗ ನೋಡಿ.